ಹುಡುಗರ ಪ್ರೆಪ್ ಸ್ಕೂಲ್, ಅಕ್ಟೋಬರ್ ಹಾಫ್ ಟರ್ಮ್‌ವರೆಗಿನ ಏಳು ವಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಮಗನನ್ನು ಹುಡುಗರ ಪ್ರೆಪ್ ಸ್ಕೂಲಿಗೆ ಹೊಸದಾಗಿ ಸೇರಿಸಿರುವ ಕನ್ನಡದ ಮನೆಗಳಿಗಾಗಿ ಇದನ್ನು ಬರೆದಿದ್ದೇನೆ. ನನ್ನ ಮಗ ಈಗ ಇಯರ್ 5ರಲ್ಲಿದ್ದಾನೆ. ಅವನಿಗೆ ಇದು ಮೂರನೇ ಸೆಪ್ಟೆಂಬರ್. ಮೊದಲ ವರ್ಷ ಶಾಲೆಯಿಂದ ಪ್ರತಿ ಶುಕ್ರವಾರ ಸುದ್ದಿಪತ್ರ ಬರುತ್ತಿತ್ತು. ಯಾವ ಟೀಮ್ ಎಲ್ಲಿ ಗೆದ್ದಿತು, ಯಾವ ಹೌಸಿಗೆ ಎಷ್ಟು ಪಾಯಿಂಟ್, ಹಾರ್ವೆಸ್ಟ್ ಸರ್ವಿಸ್ ಯಾವಾಗ, ಯಾವ ತರಗತಿ ಯಾವ ಮ್ಯೂಸಿಯಂಗೆ ಹೊರಟಿದೆ. ಅದರಲ್ಲಿ ಅರ್ಧ ಮಾತು ನನಗೆ ತಿಳಿಯುತ್ತಿರಲಿಲ್ಲ. ಕೇಳೋಣ ಅಂದರೆ ಯಾರನ್ನು ಕೇಳಬೇಕು ಎಂದೂ ಗೊತ್ತಿರಲಿಲ್ಲ. ಈಗ ಹೊಸಬರು ಫೋನ್ ಮಾಡಿ ಕೇಳುವುದೂ ಅವೇ ಪ್ರಶ್ನೆಗಳನ್ನು. ಶಾಲೆಯಿಂದ ಶಾಲೆಗೆ ಪದ್ಧತಿ ಸ್ವಲ್ಪ ಬೇರೆ ಇರುತ್ತದೆ, ಹಾಗಾಗಿ ದಿನಾಂಕಕ್ಕೆ ನಿಮ್ಮ ಶಾಲೆಯ ಕ್ಯಾಲೆಂಡರನ್ನೇ ನೋಡಿಕೊಳ್ಳಿ.

ಪ್ರೆಪ್ ಸ್ಕೂಲ್ ಅಂದರೆ ಯಾವ ವಯಸ್ಸಿನವರು? ಮನೆಗೂ "ಪ್ರೆಪ್" ಅಂತ ಏನೋ ಬರುತ್ತದಲ್ಲ?

ಏಳೆಂಟು ವರ್ಷದಿಂದ ಹದಿಮೂರರವರೆಗೆ, ಅಂದರೆ ಇಯರ್ 3ರಿಂದ ಇಯರ್ 8. ಕೆಲವು ಶಾಲೆಗಳು ಹನ್ನೊಂದಕ್ಕೇ ಮುಗಿಯುತ್ತವೆ. ಅದಕ್ಕೂ ಚಿಕ್ಕವರದು ಪ್ರಿ-ಪ್ರೆಪ್. ಮುಂದಿನ ಸೀನಿಯರ್ ಸ್ಕೂಲಿಗೆ ತಯಾರು ಮಾಡುವುದರಿಂದ ಈ ಹೆಸರು. ಇನ್ನೊಂದು ಪ್ರೆಪ್ ಅಂದರೆ ಹೋಂವರ್ಕ್. "ಅಮ್ಮ, ಪ್ರೆಪ್ ಮುಗೀತು" ಎಂದು ಮಗ ಹೇಳಿದರೆ ಅಷ್ಟೇ ಅರ್ಥ.

ಹಾಫ್ ಟರ್ಮ್ ಯಾವಾಗ? ಎಷ್ಟು ದಿನ?

ಇಲ್ಲಿ ವರ್ಷಕ್ಕೆ ಮೂರು ಟರ್ಮ್. ಪ್ರತಿ ಟರ್ಮಿನ ನಡುವೆ ಒಂದು ಬಿಡುವು ಇರುತ್ತದೆ: ಅಕ್ಟೋಬರ್ ಕೊನೆಗೆ, ಫೆಬ್ರವರಿ ನಡುವೆ, ಮೇ ಕೊನೆಗೆ. ಅಕ್ಟೋಬರಿನದು ನಮ್ಮ ದಸರಾ ರಜೆ ಇದ್ದ ಹಾಗೆ. ಸರ್ಕಾರಿ ಶಾಲೆಗಳಿಗೆ ಸಾಮಾನ್ಯವಾಗಿ ಒಂದು ವಾರ. ಖಾಸಗಿ ಶಾಲೆಗಳಲ್ಲಿ ಬಹಳಷ್ಟು ಕಡೆ ಎರಡು ವಾರ. ಅಣ್ಣ ಸರ್ಕಾರಿ ಶಾಲೆ, ತಮ್ಮ ಪ್ರೆಪ್ ಸ್ಕೂಲ್ ಆಗಿದ್ದರೆ ಟಿಕೆಟ್ ಬುಕ್ ಮಾಡುವ ಮುಂಚೆ ಎರಡೂ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿ.

ಪತ್ರದಲ್ಲಿ "ಮಿಕಲ್‌ಮಸ್ ಟರ್ಮ್" ಎಂದಿದ್ದರೆ ಗಾಬರಿ ಬೇಡ. ಸೆಪ್ಟೆಂಬರ್ 29ರ ಸಂತ ಮೈಕಲ್ ಹಬ್ಬದ ಹೆಸರು ಅದು. ಸೆಪ್ಟೆಂಬರಿನಿಂದ ಡಿಸೆಂಬರಿನ ಟರ್ಮಿಗೆ ಹಳೆಯ ಶಾಲೆಗಳು ಈಗಲೂ ಹಾಗೇ ಕರೆಯುತ್ತವೆ. "ಎಕ್ಸಿಯಾಟ್" ಎಂದಿದ್ದರೆ ಅದು ಲ್ಯಾಟಿನ್, "ಹೊರಗೆ ಹೋಗಲಿ" ಎಂದು ಅರ್ಥ. ಹಾಸ್ಟೆಲಿನಲ್ಲಿರುವ ಹುಡುಗರು ಮನೆಗೆ ಹೋಗುವ ವಾರಾಂತ್ಯ ಅದು. ಆ ಶನಿವಾರ ಡೇ ಬಾಯ್‌ಗಳಿಗೂ, ಅಂದರೆ ದಿನಾ ಮನೆಯಿಂದ ಬಂದು ಹೋಗುವ ಹುಡುಗರಿಗೂ, ಶಾಲೆ ಇರುವುದಿಲ್ಲ.

ಬುಧವಾರ ಮಧ್ಯಾಹ್ನ ಪಾಠವೇ ಇಲ್ಲ, ಬರೀ ಆಟ. ಶನಿವಾರವೂ ಮ್ಯಾಚ್. ಇಷ್ಟು ಫೀಸ್ ಕಟ್ಟಿ ಓದು ಹಾಳು ಮಾಡಿಕೊಂಡ ಹಾಗಲ್ವಾ?

ನನ್ನನ್ನು ಅತಿ ಹೆಚ್ಚು ಜನ ಕೇಳಿರುವ ಪ್ರಶ್ನೆ ಇದು. ಮೊದಲ ವರ್ಷ ನಾನೂ ಇದನ್ನೇ ಕೇಳಿದ್ದೆ. 2025ರ ಜನವರಿ 1ರಿಂದ ಫೀಸಿನ ಮೇಲೆ 20% ವ್ಯಾಟ್ ಬೇರೆ ಸೇರಿದೆ. ಪ್ರತಿ ಪೌಂಡೂ ಲೆಕ್ಕ ಹಾಕುವ ಮನೆಗಳಲ್ಲಿ ಈ ಅನುಮಾನ ಬರುವುದು ಸಹಜ.

ನಾವು ಬೆಳೆದದ್ದು ಹೀಗೆ: ಓದು ಮೊದಲು, ಆಟ ಆಮೇಲೆ. ಪಿ.ಟಿ. ಪೀರಿಯಡ್ ಬಂದರೆ ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸಲು ಅದನ್ನು ತೆಗೆದುಕೊಳ್ಳುತ್ತಿದ್ದರು, ನಾವೂ ಸುಮ್ನೆ ಕೂತಿರುತ್ತಿದ್ದೆವು. ಈ ಶಾಲೆಗಳು ಬೆಳೆದ ದಾರಿ ಬೇರೆ. ಇಲ್ಲಿ ಆಟ, ಹಾಡು, ನಾಟಕ, ಕಾಡಿನಲ್ಲಿ ಓಡಾಟ ಇವೆಲ್ಲ ಪಾಠದ ಪಕ್ಕದ ಒಗ್ಗರಣೆ ಅಲ್ಲ, ಊಟವೇ. ಪ್ರೆಪ್ ಸ್ಕೂಲುಗಳ ದೊಡ್ಡ ಸಂಘ ಐಎಪಿಎಸ್ ಹುಟ್ಟಿದ್ದು 1892ರಲ್ಲಿ. ಅವತ್ತು ಕೆಲವು ಹೆಡ್‌ಮಾಸ್ಟರುಗಳು ಒಟ್ಟಿಗೆ ಸೇರಿದ್ದು ಚಿಕ್ಕ ಹುಡುಗರಿಗೆ ಕ್ರಿಕೆಟ್ ಚೆಂಡು ಎಷ್ಟು ದೊಡ್ಡದಿರಬೇಕು ಎಂದು ಮಾತಾಡಲು. ಸಂಘ ಅದರಿಂದಲೇ ಬೆಳೆಯಿತು. ಆಟಕ್ಕೆ ಇಲ್ಲಿ ಯಾವ ಜಾಗ ಇದೆ ಎನ್ನುವುದಕ್ಕೆ ಇದೊಂದು ಸಾಕು.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಇಯರ್ 3ರಲ್ಲಿ ನನ್ನ ಮಗ ತರಗತಿಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಅಕ್ಟೋಬರಿನ ಒಂದು ಬುಧವಾರ ಮಳೆಯಲ್ಲಿ ಆಡಿ, ಮೈಯೆಲ್ಲ ಕೆಸರು ಮಾಡಿಕೊಂಡು, ಶಾಲೆಯ ಬಸ್ಸಿನಲ್ಲಿ ಎಲ್ಲರೂ ಮುಕ್ಕಾಲು ಗಂಟೆ ಹಾಡುತ್ತಾ ಬಂದರಂತೆ. ಮಾರನೇ ದಿನದಿಂದ ಅವನು ಇನ್ನೊಬ್ಬ ಹುಡುಗನ ಪಕ್ಕ ಕೂರತೊಡಗಿದ. ಆ ಗೆಳೆತನ ಬಂದ ಮೇಲೆ ತರಗತಿಯಲ್ಲಿ ಕೈ ಎತ್ತುವುದೂ ಬಂತು. ಆ ವರ್ಷ ಅವನ ಇಂಗ್ಲಿಷ್ ಸುಧಾರಿಸಿದ್ದರಲ್ಲಿ ಆ ಬಸ್ಸಿನ ಪಾಲು ದೊಡ್ಡದು ಎಂದು ನಾನು ಈಗಲೂ ನಂಬುತ್ತೇನೆ.

ಆಟದ ದಿನ ಟ್ಯೂಷನ್ ಇದೆ ಎಂದು ಮಗನನ್ನು ಬೇಗ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟೀಮಿನಲ್ಲಿ ಒಬ್ಬ ಕಡಿಮೆಯಾಗುತ್ತಾನೆ. ಸೋಮವಾರ ಎಲ್ಲರೂ ಆ ಮ್ಯಾಚಿನ ಮಾತಾಡುವಾಗ ನಿಮ್ಮ ಹುಡುಗ ಹೊರಗೆ ಉಳಿಯುತ್ತಾನೆ.

ರಗ್ಬಿ ಅಂದರೆ ಭಯ. ತಲೆಗೆ ಪೆಟ್ಟು ಬಿದ್ದರೆ?

ಭಯ ಇರಬೇಕಾದ್ದೇ. ನಿಯಮ ತಿಳಿದರೆ ಅದು ಸ್ವಲ್ಪ ಕಡಿಮೆಯಾಗುತ್ತದೆ. ಇಂಗ್ಲೆಂಡಿನಲ್ಲಿ ಅಂಡರ್ 8ರವರೆಗೆ ಟ್ಯಾಗ್ ರಗ್ಬಿ ಮಾತ್ರ. ಸೊಂಟದಲ್ಲಿ ಎರಡು ಪಟ್ಟಿ ಇರುತ್ತವೆ, ಅದನ್ನು ಕಿತ್ತರೆ ಹಿಡಿದ ಹಾಗೆ. ಅಂಡರ್ 9ರಿಂದ, ಅಂದರೆ ಇಯರ್ 4ರಿಂದ, ಟ್ಯಾಕಲ್ ಶುರು: ಚೆಂಡು ಹಿಡಿದವನನ್ನು ಮೈಹಿಡಿದು ಬೀಳಿಸುವುದು. ಆಗ ಏಳೇಳು ಜನ ಆಡುತ್ತಾರೆ. ವಯಸ್ಸು ಏರಿದ ಹಾಗೆ ಜನ ಹೆಚ್ಚುತ್ತಾರೆ, ಮೈದಾನ ದೊಡ್ಡದಾಗುತ್ತದೆ. 2023ರಿಂದ ಎದೆಮೂಳೆಯ ಕೆಳತುದಿಗಿಂತ ಮೇಲೆ ಟ್ಯಾಕಲ್ ಮಾಡುವಂತಿಲ್ಲ.

ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೂ ಸಾಕು, ಹುಡುಗನನ್ನು ಮೈದಾನದಿಂದ ಹೊರಗೆ ತರಲೇಬೇಕು. ಅವತ್ತು ಮತ್ತೆ ಇಳಿಸುವಂತಿಲ್ಲ. ಕನ್‌ಕಷನ್, ಅಂದರೆ ಪೆಟ್ಟಿನಿಂದ ಮಿದುಳಿಗೆ ಆಘಾತ, ಆಗಿದ್ದರೆ ಮತ್ತೆ ಮ್ಯಾಚ್ ಆಡುವುದಕ್ಕೆ ಕನಿಷ್ಠ 21 ದಿನ ಬೇಕು. ಅದೂ ಹಂತ ಹಂತವಾಗಿ. ಹೋದ ವರ್ಷ ನನ್ನ ಮಗನಿಗೆ ಎದುರಾಳಿ ಹುಡುಗನ ಮೊಣಕೈ ತಾಗಿ ತಲೆ ಸುತ್ತಿತ್ತು. ಶಾಲೆಯಲ್ಲಿ ಹುಡುಗರ ಆರೋಗ್ಯ ನೋಡಿಕೊಳ್ಳುವ ಮೇಟ್ರನ್ ಆಗಲೇ ಫೋನ್ ಮಾಡಿದರು. ಅವನು "ಏನೂ ಆಗಿಲ್ಲ, ಆಡ್ತೀನಿ" ಎಂದು ಅಳುತ್ತಿದ್ದ. ಮೂರು ವಾರ ಕೂರಿಸಿದ್ದೇ ಸರಿಯಾಯಿತು. ಅಂಥ ಹೊತ್ತಿನಲ್ಲಿ ಹುಡುಗನ ಮಾತು ಕೇಳಬೇಡಿ. ತಲೆನೋವು, ವಾಂತಿ, ಬೆಳಕು ನೋಡಲಾಗದ ಹಾಗೆ ಆಗುವುದು, ಮಂಕಾಗಿ ಕೂರುವುದು ಮನೆಯಲ್ಲಿ ಕಂಡರೆ ಶಾಲೆಗೂ ತಿಳಿಸಿ, ವೈದ್ಯಕೀಯ ಸಲಹೆಗೆ 111ಕ್ಕೂ ಫೋನ್ ಮಾಡಿ. ಪದೇ ಪದೇ ವಾಂತಿಯಾದರೆ, ಎಚ್ಚರ ತಪ್ಪಿದರೆ ಕಾಯದೆ ತುರ್ತು ಸಹಾಯದ 999ಕ್ಕೆ ಮಾಡಿ.

ಗಮ್‌ಶೀಲ್ಡ್ ತಪ್ಪಿಸಬೇಡಿ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಹಲ್ಲಿಗೆ ಕಚ್ಚಿ ಕೂರಿಸುವಂಥದ್ದು ಅಗ್ಗಕ್ಕೇ ಸಿಗುತ್ತದೆ. ಹಾಲುಹಲ್ಲು ಬಿದ್ದು ಹೊಸದು ಬರುವ ವಯಸ್ಸು, ಹಾಗಾಗಿ ಪ್ರತಿ ಟರ್ಮಿಗೆ ಸರಿಯಾಗಿ ಕೂರುತ್ತದೆಯಾ ನೋಡಿ.

ಮಗನನ್ನು ಡಿ ಟೀಮಿಗೆ ಹಾಕಿದ್ದಾರೆ. ಹೋಗಿ ಮಾತಾಡಬೇಕಾ?

ಬೇಡ. ಡಿ ಟೀಮ್ ಇದೆ ಅಂದರೆ ಎಲ್ಲರಿಗೂ ಮ್ಯಾಚ್ ಸಿಗುತ್ತಿದೆ ಎಂದರ್ಥ. ನಮ್ಮ ಊರಿನ ಶಾಲೆಯಲ್ಲಿ ಹನ್ನೊಂದು ಜನ ಆಡುತ್ತಿದ್ದರು, ಉಳಿದ ಐವತ್ತು ಜನ ಚಪ್ಪಾಳೆ ತಟ್ಟುತ್ತಿದ್ದರು. ಇಲ್ಲಿ ಕೊನೆಯ ಟೀಮಿಗೂ ಕೋಚ್, ಬಸ್, ಎದುರಾಳಿ, ಆಮೇಲೆ ಊಟ. ಟೀಮ್ ಪಟ್ಟಿ ವಾರಕ್ಕೊಮ್ಮೆ ಬದಲಾಗುತ್ತದೆ. ನನ್ನ ಮಗ ಡಿಯಲ್ಲಿದ್ದಾಗಲೇ ಕ್ಯಾಪ್ಟನ್ ಆಗಿದ್ದು. ಅವತ್ತು ಅವನು ಎದುರಾಳಿಗಳಿಗೆ ಮೂರು ಸಲ ಜೈ ಹೇಳಿಸಿದ. ನಾನು ಅದನ್ನು ಇವತ್ತಿಗೂ ಮರೆತಿಲ್ಲ.

ಮ್ಯಾಚ್ ನೋಡಲು ನಾವು ಹೋಗಲೇಬೇಕಾ? "ಮ್ಯಾಚ್ ಟೀ" ಅಂದರೇನು?

ಕೆಲಸ ಬಿಟ್ಟು ಪ್ರತಿ ಬುಧವಾರ ಹೋಗುವುದು ಯಾರಿಂದಲೂ ಆಗದ ಮಾತು. ಆದರೆ ಹಾಫ್ ಟರ್ಮಿಗೆ ಮುಂಚೆ ಎರಡು ಸಲವಾದರೂ ಹೋಗಿ. ಅಮ್ಮ ಒಂದು ಸಲ, ಅಪ್ಪ ಒಂದು ಸಲ ಆದರೂ ಸರಿ. ಆಡುವಾಗ ಹುಡುಗ ಒಮ್ಮೆ ತಿರುಗಿ ಮೈದಾನದ ಅಂಚು ನೋಡುತ್ತಾನೆ. ನೀವಿದ್ದೀರಾ ಅಂತ. ವೆಲ್ಲಿಂಗ್ಟನ್ ಬೂಟ್ಸ್ ಹಾಕಿಕೊಳ್ಳಿ, ದಪ್ಪ ಜಾಕೆಟ್ ಒಯ್ಯಿರಿ. ಬಿಸಿಲಿದೆ ಎಂದು ಮೋಸ ಹೋಗಬೇಡಿ, ಗಾಳಿ ಬರುತ್ತದೆ.

ಆಟ ಮುಗಿದ ಮೇಲೆ ಎರಡೂ ಟೀಮು ಒಟ್ಟಿಗೆ ತಿನ್ನುವುದು ಮ್ಯಾಚ್ ಟೀ. ಹುಡುಗರಿಗೆ ಸಾಸೇಜ್, ಚಿಪ್ಸ್, ಬೀನ್ಸ್. ದೊಡ್ಡವರಿಗೆ ಚಹಾ, ಸ್ಯಾಂಡ್‌ವಿಚ್, ಕೇಕ್. ಆತಿಥ್ಯ ಕೊಡುವ ಶಾಲೆಯ ಹುಡುಗರು ಮೊದಲು ಬಂದವರಿಗೆ ಬಡಿಸಬೇಕು, ಆಮೇಲೆ ತಾವು. ನಮ್ಮ ಮನೆಗಳಲ್ಲಿ ನೆಂಟರಿಗೆ ಮೊದಲು ಎಲೆ ಹಾಕುವ ಹಾಗೆ. ಬೇರೆ ಅಪ್ಪ ಅಮ್ಮಂದಿರ ಪರಿಚಯ ಆಗುವುದೂ ಇಲ್ಲೇ. ಮುಜುಗರ ಬಿಟ್ಟು ಒಂದು ಕಪ್ ಹಿಡಿದು ನಿಂತರೆ ಸಾಕು, ಅವರೇ ಮಾತಾಡಿಸುತ್ತಾರೆ.

ಪ್ರತಿ ಬಟ್ಟೆಗೂ ಹೆಸರು ಹೊಲಿಯಬೇಕಂತೆ. ನಮ್ಮ ಹೆಸರು ಉದ್ದ, ಸರ್‌ನೇಮ್ ಬೇರೆ ಇಲ್ಲ.

ಕಾಲುಚೀಲಕ್ಕೂ ಹೊಲಿಯಿರಿ. ಐವತ್ತು ಹುಡುಗರ ಒಂದೇ ಥರದ ಕಾಲುಚೀಲ ಒಂದೇ ಕೋಣೆಯಲ್ಲಿ ಬಿದ್ದಿರುತ್ತವೆ. ಇಸ್ತ್ರಿಯಲ್ಲಿ ಅಂಟಿಸುವ ಪಟ್ಟಿ ಒಗೆದ ಹಾಗೆ ಕಿತ್ತು ಬರುತ್ತದೆ, ನೇಯ್ದ ಪಟ್ಟಿಯೇ ಒಳ್ಳೆಯದು.

ಹೆಸರಿನದು ದೊಡ್ಡ ವಿಷಯ. ನಮ್ಮಲ್ಲಿ ಹಲವರಿಗೆ ಇನಿಷಿಯಲ್ ಇರುತ್ತದೆ: ಊರಿನದೊಂದು, ಅಪ್ಪನದೊಂದು. ಪಾಸ್‌ಪೋರ್ಟಿನಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ ಕೂತಿರುತ್ತದೆ. ಶಾಲೆಯ ಎಲ್ಲ ಪಟ್ಟಿಯೂ ಸರ್‌ನೇಮಿನಿಂದಲೇ ಶುರು. ಹಾಗಾಗಿ ಟೀಮ್ ಪಟ್ಟಿಯಲ್ಲಿ ಮಗನ ಹೆಸರಿಗೆ ಬದಲು ತಾತನ ಹೆಸರೋ ಊರಿನ ಹೆಸರೋ ಕಾಣಿಸಬಹುದು. ಮೊದಲ ವಾರವೇ ಅವನಿಗೆ ಅದನ್ನು ತೋರಿಸಿ ಹೇಳಿಕೊಡಿ. ನನ್ನ ಮಗ ತನ್ನ ಹೆಸರಿಲ್ಲ ಎಂದು ಒಂದು ಮಧ್ಯಾಹ್ನ ಟೀಮ್ ಪಟ್ಟಿಯ ಮುಂದೆ ನಿಂತು ಅತ್ತಿದ್ದ.

ಹೆಸರನ್ನು ಮಾತ್ರ ಮೊಟಕು ಮಾಡಬೇಡಿ. ಕ್ಲಾಸ್ ಟೀಚರ್ ಸಿಕ್ಕಾಗ ನಿಧಾನವಾಗಿ ಎರಡು ಸಲ ಹೇಳಿ. ಕಲಿಯಬೇಕು ಎನ್ನುವ ಮನಸ್ಸು ಅವರಿಗೆ ಇರುತ್ತದೆ. ನಾವೇ "ಪರವಾಗಿಲ್ಲ ಬಿಡಿ" ಎಂದರೆ ಅವರು ತಾನೇ ಏನು ಮಾಡುತ್ತಾರೆ?

ನಾವು ಸಸ್ಯಾಹಾರಿಗಳು. ಶಾಲೆಯ ಊಟ ಹೇಗೆ? ಡಬ್ಬಿ ಕಳಿಸಬಹುದಾ?

ಹೆಚ್ಚಿನ ಪ್ರೆಪ್ ಸ್ಕೂಲುಗಳಲ್ಲಿ ಎಲ್ಲರೂ ಡೈನಿಂಗ್ ಹಾಲಿನಲ್ಲೇ ಉಣ್ಣಬೇಕು, ಡಬ್ಬಿ ಇಲ್ಲ. ದಿನಾ ಒಂದು ಸಸ್ಯಾಹಾರಿ ತಿನಿಸು ಇದ್ದೇ ಇರುತ್ತದೆ. ಆದರೆ ಮೂರು ವಿಷಯ ಗಮನಿಸಿ. ಇಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ಸೇರಿರುತ್ತದೆ. ನೀವು ಮೊಟ್ಟೆ ತಿನ್ನದಿದ್ದರೆ ಬರೆದು ಕೊಡಿ. ಮಾಂಸದ ಬದಲು ಬಡಿಸುವ ಕ್ವಾರ್ನ್ ತಿನಿಸುಗಳಲ್ಲಿ ಹಲವಕ್ಕೆ ಮೊಟ್ಟೆಯ ಬಿಳಿ ಹಾಕಿರುತ್ತಾರೆ. ಇನ್ನು ಜೆಲಾಟಿನ್. ಮಾರ್ಷ್‌ಮೆಲೋ, ಜೆಲ್ಲಿ ಮಿಠಾಯಿಗಳಲ್ಲಿ ಇರುವುದು ಸಾಮಾನ್ಯವಾಗಿ ಹಂದಿಯದೋ ದನದ್ದೋ. ಹುಟ್ಟುಹಬ್ಬದ ದಿನ ಹುಡುಗರು ಹಂಚುವುದು ಇವನ್ನೇ. ಮಗನಿಗೆ ಮೊದಲೇ ಹೇಳಿಕೊಡಿ, ಅವನೇ ಕೇಳಿ ತೆಗೆದುಕೊಳ್ಳುತ್ತಾನೆ. ಮಕ್ಕಳು ಇದನ್ನು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಿಭಾಯಿಸುತ್ತಾರೆ.

ಸಂಜೆಯ ತಿಂಡಿ, ಪ್ರವಾಸದ ಡಬ್ಬಿ ಮಾತ್ರ ನಮ್ಮ ಕೈಯಲ್ಲಿರುತ್ತದೆ. ಬಹಳಷ್ಟು ಶಾಲೆಗಳು ನಟ್-ಫ್ರೀ. ನಮ್ಮ ಅಡುಗೆಗೆ ಇದು ದೊಡ್ಡ ಪರೀಕ್ಷೆ. ಕಡಲೆಕಾಯಿ ಬೀಜ ಹಾಕಿದ ಚಿತ್ರಾನ್ನ, ಪುಳಿಯೋಗರೆ, ಚಿಕ್ಕಿ, ಶೇಂಗಾ ಚಟ್ನಿಪುಡಿ ಯಾವುದೂ ಬೇಡ. ಗೋಡಂಬಿ ಹಾಕಿದ ಉಪ್ಪಿಟ್ಟೂ ಬೇಡ. ಇದು ಶಿಸ್ತಿನ ಮಾತಲ್ಲ, ಇನ್ನೊಬ್ಬರ ಮಗುವಿನ ಉಸಿರಿನ ಮಾತು. ಎಳ್ಳು, ಸಾಸಿವೆ ಕೂಡ ಬ್ರಿಟನ್ನಿನ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿವೆ. ಅಂದರೆ ನಮ್ಮ ಒಗ್ಗರಣೆಯೇ ಆ ಪಟ್ಟಿಯಲ್ಲಿದೆ! ಒಂದೇ ಡಬ್ಬಿಯಿಂದ ಹಂಚಿ ತಿನ್ನಬೇಡ ಎಂದು ಮಗನಿಗೆ ಹೇಳಬೇಕಾಗುತ್ತದೆ. ಹಂಚಿ ತಿನ್ನು ಎಂದೇ ಬೆಳೆಸಿದ ನನಗೆ ಆ ಮಾತು ಹೇಳುವುದು ಕಷ್ಟವಾಯಿತು.

ಕೇಕ್ ಸೇಲಿಗೆ ಏನು ಕೊಡಬಹುದು?

ಸೆಪ್ಟೆಂಬರ್ ಕೊನೆಗೆ ಮ್ಯಾಕ್‌ಮಿಲನ್ ಕ್ಯಾನ್ಸರ್ ಸಂಸ್ಥೆಯ ಕಾಫಿ ಮಾರ್ನಿಂಗ್ ದೇಶದ ಎಲ್ಲ ಕಡೆ ನಡೆಯುತ್ತದೆ, ಬಹಳಷ್ಟು ಶಾಲೆಗಳಲ್ಲೂ. ನಾನು ಮೈಸೂರ್ ಪಾಕ್ ಮಾಡಿಕೊಟ್ಟಿದ್ದೆ. ಕಡಲೆಹಿಟ್ಟು, ತುಪ್ಪ, ಸಕ್ಕರೆ ಎಂದು ಬರೆದು, ತುಪ್ಪ ಹಾಲಿನದು ಎಂದು ಕೆಳಗೆ ಗೆರೆ ಎಳೆದಿದ್ದೆ. ಮೊದಲು ಯಾರೂ ಮುಟ್ಟಲಿಲ್ಲ. ಒಬ್ಬ ಹುಡುಗ ತಿಂದು ಓಡಿಹೋಗಿ ಇನ್ನು ನಾಲ್ವರನ್ನು ಕರೆತಂದ. ಹತ್ತು ನಿಮಿಷದಲ್ಲಿ ತಟ್ಟೆ ಖಾಲಿ. ನಮ್ಮ ತಿಂಡಿಯನ್ನೇ ಕೊಡಿ, ಪದಾರ್ಥಗಳ ಚೀಟಿ ಜೊತೆಗಿರಲಿ.

ಫ್ಲೂ ಲಸಿಕೆಯ ಒಪ್ಪಿಗೆ ಪತ್ರ ಬಂದಿದೆ.

ಶರತ್ಕಾಲದಲ್ಲಿ ಶಾಲೆಯಲ್ಲೇ ಮೂಗಿಗೆ ಸಿಂಪಡಿಸುವ ಲಸಿಕೆ ಕೊಡುತ್ತಾರೆ, ಉಚಿತ. ಅದರಲ್ಲಿ ಹಂದಿಯ ಜೆಲಾಟಿನ್ ಇದೆ. ಬೇಡ ಎನ್ನುವವರಿಗೆ ಜೆಲಾಟಿನ್ ಇಲ್ಲದ ಇಂಜೆಕ್ಷನ್ ಸಿಗುತ್ತದೆ. ಪತ್ರದಲ್ಲಿ ಅದನ್ನು ಕೇಳಿ. ಲಸಿಕೆಯನ್ನೇ ಬಿಡಬೇಡಿ.

ಹಾರ್ವೆಸ್ಟ್ ಫೆಸ್ಟಿವಲ್, ಚಾಪೆಲ್, ಪ್ರಾರ್ಥನೆ. ನಾವು ಹಿಂದೂಗಳು. ಕಳಿಸಬೇಕಾ?

ಕಳಿಸದಿರುವ ಹಕ್ಕು ನಿಮಗಿರಬಹುದು, ಹೆಡ್‌ಮಾಸ್ಟರನ್ನು ಕೇಳಿ. ನಾವು ಕಳಿಸುತ್ತೇವೆ. ಹಾರ್ವೆಸ್ಟ್ ಎಂದರೆ ಸುಗ್ಗಿ. ಬೆಳೆ ಮನೆಗೆ ಬಂತಲ್ಲ ಎಂದು ಕೃತಜ್ಞತೆ ಹೇಳುವ ಹಬ್ಬ. ಹುಡುಗರು ಟಿನ್ ಸೂಪು, ಪಾಸ್ತಾ, ಬೀನ್ಸ್ ತಂದು ಮುಂದೆ ಜೋಡಿಸುತ್ತಾರೆ. ಅದು ಕಷ್ಟದಲ್ಲಿರುವವರಿಗೆ ಉಚಿತವಾಗಿ ದಿನಸಿ ಕೊಡುವ ಊರಿನ ಫುಡ್ ಬ್ಯಾಂಕಿಗೆ ಹೋಗುತ್ತದೆ. ಸಂಕ್ರಾಂತಿಗೆ ಎಳ್ಳು ಬೀರಿ ಬೆಳೆದ ನಮಗೆ ಇದು ಅಪರಿಚಿತ ಅಲ್ಲ. ನನ್ನ ಮಗ ಅಕ್ಕಿ, ತೊಗರಿಬೇಳೆ ಒಯ್ದ. ಫುಡ್ ಬ್ಯಾಂಕಿಗೆ ನಮ್ಮಂಥ ಮನೆಗಳವರೂ ಬರುತ್ತಾರೆ, ಬೇಳೆ ಯಾರಿಗೋ ಬೇಕಾಗಿಯೇ ಇರುತ್ತದೆ.

ಹುಡುಗರೇ ಇರುವ ಶಾಲೆ. ಹಾಡು, ನಾಟಕ, ಅಡುಗೆ ಇವಕ್ಕೆಲ್ಲ ಏನು ಗತಿ?

ನನಗೆ ಈ ಶಾಲೆಯಲ್ಲಿ ಅತಿ ಇಷ್ಟವಾದದ್ದೇ ಇದು. ಹುಡುಗಿಯರು ಇಲ್ಲದ ಕಡೆ "ಇದು ಹುಡುಗಿಯರ ಕೆಲಸ" ಎನ್ನುವ ಮಾತೇ ಇರುವುದಿಲ್ಲ. ಕಾಯಿರ್‌ನಲ್ಲಿ, ಅಂದರೆ ಹಾಡುಗಾರರ ತಂಡದಲ್ಲಿ, ಮೇಲಿನ ಸ್ವರ ಹಾಡುವವರೂ ಹುಡುಗರೇ. ನಾಟಕದಲ್ಲಿ ರಾಣಿ, ಮುದುಕಿ, ಮಾಟಗಾತಿ ಎಲ್ಲವೂ ಹುಡುಗರೇ. ಹಾಫ್ ಟರ್ಮಿನ ಹೊತ್ತಿಗೆ ಹೌಸ್ ಸಿಂಗಿಂಗ್ ಸ್ಪರ್ಧೆ ನಡೆಯುತ್ತದೆ. ರಗ್ಬಿ ಕ್ಯಾಪ್ಟನ್ ಮೊದಲ ಸಾಲಿನಲ್ಲಿ ನಿಂತು ಬಾಯ್ತುಂಬ ಹಾಡುತ್ತಾನೆ. ಅದನ್ನು ನೋಡಿದ ಚಿಕ್ಕವರಿಗೆ ಹಾಡುವುದಕ್ಕೆ ನಾಚಿಕೆ ಉಳಿಯುವುದಿಲ್ಲ.

ಊರಿಂದ ಬಂದಿದ್ದ ನಮ್ಮ ಮಾವನವರಿಗೆ ಮೊಮ್ಮಗ ಸೀರೆಯಂಥ ಬಟ್ಟೆ ಉಟ್ಟು ವೇದಿಕೆಗೆ ಬಂದದ್ದು ನೋಡಿ ಕಸಿವಿಸಿಯಾಗುತ್ತದೇನೋ ಎಂದು ನನಗೆ ಅಳುಕಿತ್ತು. ಅವರು, "ನಮ್ಮೂರ ಬಯಲಾಟದಲ್ಲಿ ಸ್ತ್ರೀವೇಷ ಹಾಕುವವನಿಗೇ ಜಾಸ್ತಿ ಮರ್ಯಾದೆ ಇತ್ತಮ್ಮ" ಎಂದರು. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ.

ಸಂಗೀತದ ಪರೀಕ್ಷೆ ಎಂದರೆ ಹೆಚ್ಚಾಗಿ ಎಬಿಆರ್‌ಎಸ್‌ಎಂ, ಮಾತು ಮತ್ತು ನಾಟಕಕ್ಕೆ ಲ್ಯಾಮ್ಡಾ. ಎರಡರಲ್ಲೂ ಗ್ರೇಡುಗಳಿವೆ. ಮೊದಲ ಟರ್ಮಿನಲ್ಲೇ ಪರೀಕ್ಷೆಗೆ ಕಟ್ಟುವ ಆತುರ ಬೇಡ. ಕರ್ನಾಟಕ ಸಂಗೀತ, ಮೃದಂಗ ಕಲಿಯುತ್ತಿದ್ದರೆ ಸಂಗೀತದ ಮೇಷ್ಟ್ರಿಗೆ ತಿಳಿಸಿ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗನ ಮೃದಂಗ ಅಸೆಂಬ್ಲಿಯಲ್ಲಿ ನುಡಿಯಿತು.

ಇಯರ್ 6ರವನಿಗೆ ಈಗಲೇ ಪರೀಕ್ಷೆಯಂತೆ?

ಹೌದು. ಬಹಳಷ್ಟು ಸೀನಿಯರ್ ಶಾಲೆಗಳು ಐಎಸ್‌ಇಬಿ ಕಾಮನ್ ಪ್ರಿ-ಟೆಸ್ಟ್ ಕೇಳುತ್ತವೆ. ಇಂಗ್ಲಿಷ್, ಗಣಿತ, ವರ್ಬಲ್ ರೀಸನಿಂಗ್, ನಾನ್-ವರ್ಬಲ್ ರೀಸನಿಂಗ್, ಹೀಗೆ ನಾಲ್ಕು. ಎಲ್ಲ ಕಂಪ್ಯೂಟರಿನಲ್ಲೇ. ಉತ್ತರ ಸರಿಯಾದ ಹಾಗೆ ಪ್ರಶ್ನೆ ಕಠಿಣವಾಗುತ್ತಾ ಹೋಗುತ್ತದೆ. ಹಾಗಾಗಿ "ತುಂಬಾ ಕಷ್ಟ ಇತ್ತು" ಎಂದು ಹುಡುಗ ಸಪ್ಪಗೆ ಬಂದರೆ ಅದು ಕೆಟ್ಟ ಸುದ್ದಿಯೇ ಆಗಬೇಕಿಲ್ಲ. ಹದಿಮೂರಕ್ಕೆ ಬರುವ ಕಾಮನ್ ಎಂಟ್ರೆನ್ಸ್ ಬೇರೆ. ಸರ್ಕಾರಿ ಶಾಲೆಯೋ, ಪರೀಕ್ಷೆಯ ಮೇಲೆ ಸೇರಿಸಿಕೊಳ್ಳುವ ಸರ್ಕಾರಿ ಗ್ರಾಮರ್ ಶಾಲೆಯೋ ಮನಸ್ಸಿನಲ್ಲಿದ್ದರೆ ಅಕ್ಟೋಬರ್ 31 ಅರ್ಜಿಯ ಕೊನೆಯ ದಿನ. ಅದು ಹಾಫ್ ಟರ್ಮಿನ ಗದ್ದಲದಲ್ಲಿ ಬರುತ್ತದೆ, ಮರೆತವರನ್ನು ನೋಡಿದ್ದೇನೆ.

ಹಾಫ್ ಟರ್ಮ್ ರಿಪೋರ್ಟ್ ಹೇಗೆ ಓದಬೇಕು? ರ‍್ಯಾಂಕೇ ಇಲ್ಲವಲ್ಲ.

ರ‍್ಯಾಂಕ್ ಹುಡುಕಬೇಡಿ. ಸಾಮಾನ್ಯವಾಗಿ ಎರಡು ಕಾಲಂ ಇರುತ್ತವೆ: ಸಾಧನೆ ಎಷ್ಟು, ಶ್ರಮ ಎಷ್ಟು. ನಾವು ಮೊದಲನೆಯದನ್ನೇ ನೋಡುತ್ತೇವೆ. ಮೇಷ್ಟ್ರುಗಳು ಮೊದಲು ನೋಡುವುದು ಎರಡನೆಯದನ್ನು. ಇದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು.

ಭಾಷೆಯೂ ಬೇರೆ. ಇಲ್ಲಿಯ ಮೇಷ್ಟ್ರುಗಳು ನೇರವಾಗಿ ಬೈಯುವುದಿಲ್ಲ, ನೇರವಾಗಿ ಹೊಗಳುವುದೂ ಕಡಿಮೆ. "ಕ್ವೈಟ್ ಗುಡ್" ಎಂದರೆ ತುಂಬಾ ಚೆನ್ನಾಗಿದೆ ಎಂದಲ್ಲ, ಪರವಾಗಿಲ್ಲ ಎಂದು. "ಇನ್ನೂ ಸ್ವಲ್ಪ ಗಮನ ಕೊಟ್ಟರೆ ಒಳ್ಳೆಯದು" ಎಂದರೆ ಈಗ ಗಮನವೇ ಇಲ್ಲ ಎಂದು ಓದಿಕೊಳ್ಳಿ. ನಮ್ಮ ಹುಡುಗರ ರಿಪೋರ್ಟಿನಲ್ಲಿ ಪದೇ ಪದೇ ಬರುವ ಮಾತೊಂದಿದೆ: ತರಗತಿಯಲ್ಲಿ ಇನ್ನಷ್ಟು ಮಾತಾಡಬೇಕು. ಮನೆಯಲ್ಲಿ ದೊಡ್ಡವರ ಮುಂದೆ ಎದುರು ಮಾತಾಡಬೇಡ ಎಂದು ನಾವೇ ಕಲಿಸಿರುತ್ತೇವೆ. ಶಾಲೆಯಲ್ಲಿ "ನನಗೆ ಹಾಗನ್ನಿಸುವುದಿಲ್ಲ ಸರ್" ಎನ್ನಬೇಕು ಎಂದು ಅವರು ಬಯಸುತ್ತಾರೆ. ಎರಡೂ ಸರಿ. ಎಲ್ಲಿ ಯಾವುದು ಎಂದು ಹುಡುಗನಿಗೆ ಬಿಡಿಸಿ ಹೇಳಬೇಕಾದವರು ನಾವು. ಊಟದ ಹೊತ್ತಿನಲ್ಲಿ ಅವನ ಅಭಿಪ್ರಾಯ ಕೇಳಿ. ತಪ್ಪಾಗಿದ್ದರೂ ಮುಗಿಸುವವರೆಗೆ ಬಿಡಿ.

ಪೇರೆಂಟ್ಸ್ ಈವ್ನಿಂಗಿನಲ್ಲಿ ಒಬ್ಬ ಮೇಷ್ಟ್ರಿಗೆ ಐದು ನಿಮಿಷ, ಹೆಚ್ಚೆಂದರೆ ಹತ್ತು. ನಾನು ಒಂದೇ ಪ್ರಶ್ನೆ ಬರೆದುಕೊಂಡು ಹೋಗುತ್ತೇನೆ: "ಊಟದ ಬಿಡುವಿನಲ್ಲಿ ಅವನು ಯಾರ ಜೊತೆ ಇರುತ್ತಾನೆ?" ಮಾರ್ಕ್ಸ್ ಕಾಗದದಲ್ಲಿ ಬರುತ್ತದೆ. ಇದು ಬರುವುದಿಲ್ಲ.

ದಸರಾ, ದೀಪಾವಳಿಗೆ ರಜೆ ಕೇಳಬಹುದಾ?

ಹಬ್ಬದ ಒಂದು ದಿನಕ್ಕೆ ಹೆಡ್‌ಮಾಸ್ಟರಿಗೆ ಮೊದಲೇ ಪತ್ರ ಬರೆದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅಗ್ಗದ ಟಿಕೆಟ್ ಸಿಕ್ಕಿತು ಎಂದು ಹಾಫ್ ಟರ್ಮಿಗೆ ನಾಲ್ಕು ದಿನ ಮುಂಚೆ ಬೆಂಗಳೂರಿಗೆ ಹೊರಡುವುದು ಬೇರೆ. ಹೌಸ್ ಸಿಂಗಿಂಗ್, ದೊಡ್ಡ ಮ್ಯಾಚು, ರಿಪೋರ್ಟು ಎಲ್ಲವೂ ಇರುವುದು ಆ ನಾಲ್ಕು ದಿನಗಳಲ್ಲೇ.

ನವರಾತ್ರಿಯಲ್ಲಿ ಮಗ ತನ್ನ ತರಗತಿಗೆ ಎರಡು ಪಟ್ಟದ ಗೊಂಬೆ ಒಯ್ದಿದ್ದ. ರಾಜ, ರಾಣಿ. ಮೈಸೂರಿನ ದಸರಾ, ಆನೆ, ಅಂಬಾರಿ ಎಲ್ಲ ಹೇಳಿದನಂತೆ. ಆನೆಯ ಮೇಲೆ 750 ಕಿಲೋ ಅಂಬಾರಿ ಎಂದಾಗ ಹಿಂದಿನ ಬೆಂಚಿನವರೂ ಎದ್ದು ಕೂತರಂತೆ. ಪಟಾಕಿಯ ವಿಷಯ: ಇಲ್ಲಿ ಸಾಮಾನ್ಯ ದಿನಗಳಲ್ಲಿ ರಾತ್ರಿ 11ರ ಮೇಲೆ ಹೊಡೆಯುವಂತಿಲ್ಲ. ದೀಪಾವಳಿಯ ರಾತ್ರಿ 1 ಗಂಟೆಯವರೆಗೆ ಬಿಟ್ಟಿದ್ದಾರೆ.

ಕೊನೆಯ ವಾರ ಮಗ ಎಲ್ಲದಕ್ಕೂ ಸಿಡುಕುತ್ತಾನೆ, ಅಳುತ್ತಾನೆ. ಶಾಲೆ ಒಗ್ಗುತ್ತಿಲ್ಲವಾ?

ಬಹಳ ಸಲ ಅದು ಸುಸ್ತು. ಬೆಳಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬರುವ ಎಂಟು ವರ್ಷದ ಮಗು ಅದು. ಶನಿವಾರವೂ ಬಿಡುವಿಲ್ಲ. ಇಡೀ ದಿನ ಇನ್ನೊಂದು ಭಾಷೆಯಲ್ಲಿ, ಇನ್ನೊಂದು ಮರ್ಯಾದೆಯಲ್ಲಿ ಇದ್ದು ಬಂದಿರುತ್ತಾನೆ. ಮನೆಗೆ ಬಂದ ತಕ್ಷಣ "ಇವತ್ತು ಏನಾಯ್ತು, ಎಷ್ಟು ಬಂತು" ಎನ್ನಬೇಡಿ. ಬಿಸಿ ಅನ್ನ ಸಾರು ಕೊಡಿ. ಜೇಬಿನಲ್ಲಿ ತುಂಬಿಕೊಂಡು ಬಂದ ಹಾರ್ಸ್ ಚೆಸ್ಟ್‌ನಟ್ ಬೀಜಗಳನ್ನು, ಇವರು ಕಾಂಕರ್ ಎನ್ನುತ್ತಾರೆ, ಬಿಸಾಡಬೇಡಿ. ಅದು ಅವನ ಆಸ್ತಿ. ಮಾತು ತಾನಾಗಿ ಬರುತ್ತದೆ, ಹೆಚ್ಚಾಗಿ ಮಲಗುವ ಹೊತ್ತಿಗೆ.

ಬೆಳಗ್ಗೆ ಹೊಟ್ಟೆನೋವು, ಶಾಲೆಯ ಹೆಸರೆತ್ತಿದರೆ ಭಯ, ಒಬ್ಬ ಹುಡುಗನ ಹೆಸರು ಪದೇ ಪದೇ ಬರುವುದು: ಇವು ಸುಸ್ತಲ್ಲ. ಹಾಫ್ ಟರ್ಮಿಗೆ ಕಾಯದೆ ಅವತ್ತೇ ಫಾರ್ಮ್ ಟ್ಯೂಟರಿಗೆ (ಕ್ಲಾಸ್ ಟೀಚರಿಗೆ) ಬರೆಯಿರಿ.

ಎರಡು ವಾರ ರಜೆ. ಏನು ಮಾಡಿಸಲಿ?

ಮೊದಲ ಮೂರು ದಿನ ಏನೂ ಬೇಡ. ನಿದ್ದೆ ಮಾಡಲಿ. ಆಮೇಲೆ ಅಜ್ಜಿಗೆ ನಿಧಾನವಾಗಿ ಫೋನ್ ಮಾಡಿಸಿ, ಕನ್ನಡದಲ್ಲಿ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಊರಿಗೂ ನಮಗೂ ಇರುವ ಅಂತರ ನಾಲ್ಕೂವರೆಯಿಂದ ಐದೂವರೆ ಗಂಟೆಗೆ ಏರುತ್ತದೆ. ಅಜ್ಜಿ ಮಲಗುವ ಮುಂಚೆ ಮಾಡಿ.

ನವೆಂಬರ್ 1 ಸಾಮಾನ್ಯವಾಗಿ ಈ ರಜೆಯ ಆಸುಪಾಸಿಗೇ ಬರುತ್ತದೆ. ಶನಿವಾರದ ಮ್ಯಾಚುಗಳಿಂದ ತಪ್ಪಿಹೋದ ಕನ್ನಡ ತರಗತಿಯ ಬದಲಿಗೆ ಊರಿನ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಕರೆದುಕೊಂಡು ಹೋಗಿ. ಲಂಡನ್ ಹತ್ತಿರವಿದ್ದರೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ನಿಲ್ಲಿಸಿದ ಬಸವೇಶ್ವರರ ಪ್ರತಿಮೆ ತೋರಿಸಿ. ನದಿಯಾಚೆ ಪಾರ್ಲಿಮೆಂಟ್ ಕಾಣುತ್ತದೆ. ನವೆಂಬರ್ 5ರ ಗೈ ಫಾಕ್ಸ್ ಕಥೆ ಶಾಲೆಯಲ್ಲಿ ಕೇಳಿಯೇ ಬಂದಿರುತ್ತಾನೆ. 1605ರಲ್ಲಿ ಪಾರ್ಲಿಮೆಂಟನ್ನು ಸ್ಫೋಟಿಸಲು ಸಿಡಿಮದ್ದು ಅಡಗಿಸಿಟ್ಟ ಆ ಜಾಗ ಅಲ್ಲೇ ಎಂದು ಅವನೇ ನಿಮಗೆ ಹೇಳಲಿ.

ವಾಪಸ್ ಹೋಗುವಾಗ ಏನೇನು ಬೇಕು?

ಕೂದಲು ಕತ್ತರಿಸಿರಬೇಕು, ಶಾಲೆಗಳು ಇದನ್ನು ಗಮನಿಸುತ್ತವೆ. ರಗ್ಬಿ ಬೂಟಿನ ಒಣಗಿದ ಮಣ್ಣು ಕೊಡವಿರಬೇಕು. ಕಾಲು ಬೆಳೆದಿದೆಯಾ ನೋಡಿ. ಗ್ಲೌಸ್, ಒಳಗೆ ಹಾಕುವ ಬೆಚ್ಚನೆ ಬನಿಯನ್ ಕಳಿಸಿ. ಬೇಗ ಕತ್ತಲಾಗುವುದರಿಂದ ಮ್ಯಾಚುಗಳು ಮುಂಚೆಯೇ ಶುರುವಾಗುತ್ತವೆ, ನೋಡಲು ಹೋಗುವವರು ಹೊಸ ಸಮಯ ಕೇಳಿಕೊಳ್ಳಿ.

ಮೊದಲ ವಾರಕ್ಕೇ ರಿಮೆಂಬ್ರೆನ್ಸ್ ಬರುತ್ತದೆ. ಕಾಗದದ ಕೆಂಪು ಪಾಪಿ ಹೂವಿಗೆ ಹಾಕಲು ಒಂದು ಪೌಂಡ್ ನಾಣ್ಯ ಕೊಟ್ಟುಕಳಿಸಿ. ಯುದ್ಧದಲ್ಲಿ ಮಡಿದವರ ನೆನಪು ಅದು. ನಮ್ಮವರೂ ಅದರಲ್ಲಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಜೋಧಪುರದವರ ಜೊತೆ ಮೈಸೂರು ಲಾನ್ಸರ್ಸ್ ಇದ್ದರು, ಕುದುರೆಗಳ ಮೇಲೆ, ಈಟಿ ಹಿಡಿದು. ನನ್ನ ಮಗ ಹೋದ ವರ್ಷ ಇದನ್ನು ಇತಿಹಾಸದ ಮೇಷ್ಟ್ರಿಗೆ ಹೇಳಿದ. ಅವರು ಗೋಡೆಯ ಮೇಲಿನ ಭೂಪಟದಲ್ಲಿ ಹೈಫಾ ಎಲ್ಲಿದೆ, ಮೈಸೂರು ಎಲ್ಲಿದೆ ಎಂದು ಅವನ ಕೈಯಿಂದಲೇ ಎರಡು ಪಿನ್ ಚುಚ್ಚಿಸಿದರು. ಆ ಪಿನ್ನುಗಳು ಇನ್ನೂ ಅಲ್ಲೇ ಇವೆ.